ಒಂದೇ ಸರ್ವರ್‌ನಲ್ಲಿ ಏಳು ಏಜೆಂಟ್, ಯಾವುದನ್ನು ಎತ್ತಿಬಿಡಲಿ?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ಒಂದು ಹಣಕಾಸು ಕಂಪನಿಯ ಲಿನಕ್ಸ್ ಟೀಮಿನಲ್ಲಿದ್ದೇನೆ. ನಮ್ಮಲ್ಲಿ ಒಂದು ಡೇಟಾಬೇಸ್ ವಿಎಂ (ದೊಡ್ಡ ಯಂತ್ರವನ್ನು ಬೇರೆಯವರ ಜೊತೆ ಹಂಚಿಕೊಳ್ಳುವ ವರ್ಚುವಲ್ ಸರ್ವರ್) ಇದೆ, 8 ಕೋರ್, 32 ಜಿಬಿ ರ‍್ಯಾಮ್. ಅದರ ಹಿನ್ನೆಲೆಯಲ್ಲಿ ಸದಾ ಓಡುವ ಏಜೆಂಟ್‌ಗಳು (ಸರ್ವರ್ ಮೇಲೆ ಕೂತು ಬೇರೆ ಬೇರೆ ಟೀಮ್‌ಗಳ ಕೆಲಸ ಮಾಡುವ ಪ್ರೋಗ್ರಾಂಗಳು) ಇವು: ಮಾನಿಟರಿಂಗ್‌ಗೆ ಝಬಿಕ್ಸ್ ಏಜೆಂಟ್, ಅದೇ ಕೆಲಸಕ್ಕೆ ಪ್ರೊಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ (ಹೊಸ ಟೀಮ್ ಪ್ರೊಮಿಥಿಯಸ್ ತಂದರು, ಹಳೆಯದನ್ನು ಯಾರೂ ತೆಗೆಯಲಿಲ್ಲ), ಲಾಗ್ ಕಳಿಸುವುದೊಂದು, ಇಡಿಆರ್ (ದಾಳಿ ಪತ್ತೆ ಮಾಡುವ ಸೆಕ್ಯುರಿಟಿ ಏಜೆಂಟ್), ಬ್ಯಾಕಪ್, ವಲ್ನರಬಿಲಿಟಿ ಸ್ಕ್ಯಾನರ್ (ಭದ್ರತೆಯ ಲೋಪ ಹುಡುಕುವುದು), ಅಸೆಟ್ ಇನ್ವೆಂಟರಿ (ಸರ್ವರ್‌ನಲ್ಲಿ ಏನೇನಿದೆ ಅಂತ ಪಟ್ಟಿ ಮಾಡುವುದು).

ಲೋಡ್ ಆವರೇಜ್ (ಸರಾಸರಿ ಎಷ್ಟು ಪ್ರೋಸೆಸ್ ಓಡುತ್ತಿವೆ ಅಥವಾ ಕಾಯುತ್ತಿವೆ ಅನ್ನುವ ಲೆಕ್ಕ) 70 ದಾಟಿದೆ. ಟಾಪ್ ಕಮಾಂಡ್‌ನಲ್ಲಿ ನೋಡಿದರೆ ಸಿಪಿಯು 90% ಖಾಲಿ! ರಾತ್ರಿ ಎರಡು ಗಂಟೆಯ ಬ್ಯಾಚ್ (ಡೇಟಾಬೇಸ್‌ನ ದೊಡ್ಡ ಕೆಲಸ) ಮಾತ್ರ ದಿನಾ ತಡ. "ನಿಮ್ಮ ಮಾನಿಟರಿಂಗೇ ನಮ್ಮ ಸರ್ವರನ್ನು ತಿನ್ನುತ್ತಿದೆ, ಮೊದಲು ಅದನ್ನು ನಿಲ್ಲಿಸಿ" ಅಂತ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು). ಸೆಕ್ಯುರಿಟಿಯವರದ್ದು ಒಂದೇ ಮಾತು, ನಮ್ಮದನ್ನು ಮುಟ್ಟಬೇಡಿ. ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಸೋಮವಾರ ಮೀಟಿಂಗ್ ಹಾಕಿದ್ದಾರೆ. ಯಾವುದನ್ನು ಎತ್ತಿಬಿಡಲಿ ಹೇಳಿ.

ಧಾರವಾಡದಾವ:
ಏಳೇನಾ? ನಮ್ಮಲ್ಲಿ ಒಂಬತ್ತಿವೆ ರೀ. ಒಂಬತ್ತನೆಯದು ಉಳಿದ ಎಂಟು ಬದುಕಿವೆಯಾ ಅಂತ ನೋಡುವುದಕ್ಕೆ.

ಹೊಸಬ_2025:
ಅದು ಸತ್ತರೆ?

ಧಾರವಾಡದಾವ:
ನನಗೆ ಫೋನ್ ಬರುತ್ತದೆ. ಮ್ಯಾನೇಜರ್‌ನಿಂದ.

ಡಿಎಫ್_ದಾಸ:
ಸಿಪಿಯು ಖಾಲಿ ಇದ್ದು ಲೋಡ್ 70 ಇದೆ ಅಂದರೆ, ಏಜೆಂಟ್ ಸಿಪಿಯು ತಿನ್ನುತ್ತಿಲ್ಲ ಅಂತ ಪೋಸ್ಟಿನಲ್ಲೇ ಉತ್ತರ ಇದೆ. ಲಿನಕ್ಸ್‌ನ ಲೋಡ್ ಆವರೇಜ್ ಬರೀ ಸಿಪಿಯುಗೆ ಕಾಯುವವರ ಲೆಕ್ಕ ಅಲ್ಲ. ಡಿಸ್ಕಿಗೋ ನೆಟ್‌ವರ್ಕ್ ಫೈಲ್‌ಸಿಸ್ಟಮ್‌ಗೋ ಕಾಯುತ್ತಾ ಡಿ ಸ್ಟೇಟ್‌ನಲ್ಲಿ ಸಿಕ್ಕಿಕೊಂಡವರನ್ನೂ ಎಣಿಸುತ್ತದೆ. 1993ರ ಒಂದು ಪ್ಯಾಚ್‌ನಿಂದ ಹೀಗೆ ನಡೆದು ಬಂದಿದೆ. ಬೇರೆ ಯುನಿಕ್ಸ್‌ಗಳಲ್ಲಿ ಕಲಿತವರು ಇಲ್ಲಿ ಎಡವುತ್ತಾರೆ.

ಪಿಎಸ್ (ಪ್ರೋಸೆಸ್ ಪಟ್ಟಿ ಕೊಡುವ ಕಮಾಂಡ್) ಔಟ್‌ಪುಟ್‌ನಲ್ಲಿ ಸ್ಟ್ಯಾಟ್ ಕಾಲಂ ಡಿ ಇರುವ ಸಾಲುಗಳನ್ನು ಮಾತ್ರ ಸೋಸಿ, ಡಬ್ಲ್ಯುಚ್ಯಾನ್ (ಯಾವುದಕ್ಕೆ ಕಾಯುತ್ತಿದೆ ಅಂತ ತೋರಿಸುವ ಕಾಲಂ) ಸಮೇತ ಇಲ್ಲಿ ಹಾಕಿ. ಅಲ್ಲಿಯವರೆಗೆ ಯಾರನ್ನೂ ಎತ್ತಬೇಡಿ.

ಎಸ್‌ಆರ್‌ಇ_ಮಂಗ್ಳೂರು:
ದಾಸರು ಹೇಳಿದ್ದು ಸರಿ. ಆದರೂ ಝಬಿಕ್ಸ್ ಮತ್ತು ನೋಡ್ ಎಕ್ಸ್‌ಪೋರ್ಟರ್ ಎರಡೂ ಯಾಕೆ? ಒಂದೇ ಸಿಪಿಯು, ಒಂದೇ ಮೆಮೊರಿ, ಅದನ್ನೇ ಇಬ್ಬರು ಅಳೆಯುತ್ತಿದ್ದಾರೆ. ಝಬಿಕ್ಸ್ ತೆಗೆದುಬಿಡಿ. ಪ್ರೊಮಿಥಿಯಸ್ 9100 ಪೋರ್ಟಿಗೆ ಬಂದು ತಾನೇ ಎಳೆದುಕೊಳ್ಳುತ್ತದೆ. ಏಜೆಂಟ್ ಸುಮ್ನೆ ಕೂತಿರುತ್ತದೆ, ಸರ್ವರ್ ಮೇಲೆ ಭಾರ ಇಲ್ಲ.

ಹಳೇಯುನಿಕ್ಸ್:
ಝಬಿಕ್ಸ್ ಏನು ಪಾಪ ಮಾಡಿತು ಸ್ವಾಮಿ? ಅದರ ಪ್ಯಾಸಿವ್ ಮೋಡ್‌ನಲ್ಲೂ ಸರ್ವರೇ ಬಂದು 10050ರಲ್ಲಿ ಕೇಳುತ್ತದೆ. ಆ್ಯಕ್ಟಿವ್ ಮೋಡ್ ಇಟ್ಟರೆ ಏಜೆಂಟೇ 10051ಕ್ಕೆ ಹೋಗಿ ಕೊಡುತ್ತದೆ. ಫೈರ್‌ವಾಲ್ ಆಚೆಗಿನ ಬ್ರ್ಯಾಂಚ್ ಸರ್ವರ್‌ಗಳಿಗೆ ಇದೇ ಬೇಕು. ಅಲ್ಲಿ ಒಳಗೆ ಬರುವ ಪೋರ್ಟ್ ತೆರೆಸಲು ನೆಟ್‌ವರ್ಕ್ ಟೀಮಿನ ಕಾಲು ಹಿಡಿಯಬೇಕು.

ಎಳೆಯುವುದೋ ತಳ್ಳುವುದೋ ಅನ್ನುವ ಜಗಳ ಹೊಸದಲ್ಲ. ಐಬಿಎಂನ ಟಿವೋಲಿ ಮಾನಿಟರಿಂಗ್ ಕಾಲದಲ್ಲೂ ಇತ್ತು. ಲಿನಕ್ಸ್ ಮೇಲೆ ಕೆಎಲ್‌ಝಡ್‌ಏಜೆಂಟ್ ಅಂತ ಒಂದು ಪ್ರೋಸೆಸ್, ಎಐಎಕ್ಸ್ (ಐಬಿಎಂನ ಯುನಿಕ್ಸ್) ಮೇಲೆ ಕೆಯುಎಕ್ಸ್‌ಏಜೆಂಟ್, ಎರಡೂ 1918ರ ಪೋರ್ಟಿಗೆ ವರದಿ ಒಪ್ಪಿಸುತ್ತಿದ್ದವು. ಪಕ್ಕದ ರ‍್ಯಾಕ್‌ನಲ್ಲಿ ಬಿಎಂಸಿ ಪ್ಯಾಟ್ರೋಲ್ ಅನ್ನುವ ಇನ್ನೊಂದು ಏಜೆಂಟ್, ಅದಕ್ಕೆ 3181ರ ಪೋರ್ಟ್. ಬೆಳಿಗ್ಗೆ ಬಂದ ತಕ್ಷಣ ಏಜೆಂಟ್‌ಗಳು ಹಸಿರಾ ಕೆಂಪಾ ನೋಡುವುದೇ ಜೂನಿಯರ್‌ಗಳ ಕೆಲಸ. ಅಪ್ಲಿಕೇಶನ್ ಹೇಗಿದೆ ಅಂತ ಯಾರೂ ಕೇಳುತ್ತಿರಲಿಲ್ಲ.

ಎಸ್‌ಆರ್‌ಇ_ಮಂಗ್ಳೂರು:
ಸರ್, ಕಥೆ ಚೆನ್ನಾಗಿದೆ. ಆದರೆ ಎರಡರಲ್ಲಿ ಒಂದು ಹೋಗಲೇಬೇಕು ಅನ್ನುವ ನನ್ನ ಮಾತು ಅಲ್ಲೇ ಇದೆ.

ಹಳೇಯುನಿಕ್ಸ್:
ಒಂದು ಹೋಗಬೇಕು, ಒಪ್ಪಿದೆ. ಅದು ಝಬಿಕ್ಸೇ ಆಗಬೇಕು ಅಂತ ಯಾರು ಹೇಳಿದರು?

ಮೈಸೂರ್_ಮಸಾಲೆ:
ಎಲ್ಲ ಏಜೆಂಟ್ ತೆಗೆದು ಏಜೆಂಟ್‌ಲೆಸ್ ಮಾಡಿ, ಹೊರಗಿನಿಂದಲೇ ಕೇಳಿ ತಿಳಿದುಕೊಳ್ಳಿ. ಅದಕ್ಕೆ ಎಸ್‌ಎನ್‌ಎಂಪಿ ಪ್ರೋಟೊಕಾಲ್ ಇದೆಯಲ್ಲ. ವಿಂಡೋಸ್‌ಗೆ ಡಬ್ಲ್ಯುಎಂಐ, ಲಿನಕ್ಸ್‌ಗೆ ಎಸ್‌ಎಸ್‌ಎಚ್. ಸರ್ವರ್ ಸ್ವಚ್ಛ.

ಸೆಕ್ಯುರಿಟಿ_ಸಾಕವ್ವ:
ಸ್ವಚ್ಛ ಅಂತೆ! ಎಸ್‌ಎನ್‌ಎಂಪಿ ಕೇಳಿದವರಿಗೆ ಉತ್ತರ ಕೊಡಲು ಆ ಸರ್ವರ್ ಮೇಲೆ ಎಸ್‌ಎನ್‌ಎಂಪಿಡಿ ಓಡಬೇಕಲ್ವಾ? ಅದೂ ಏಜೆಂಟೇ. ಹೆಚ್ಚಿನ ಕಡೆ ಇನ್ನೂ 2ಸಿ ಆವೃತ್ತಿಯೇ ಇದೆ. ಪಾಸ್‌ವರ್ಡ್‌ನಂಥ ಕಮ್ಯುನಿಟಿ ಸ್ಟ್ರಿಂಗ್ ನೆಟ್‌ವರ್ಕ್‌ನಲ್ಲಿ ಬರಿಮೈಯಲ್ಲಿ ಓಡಾಡುತ್ತದೆ. ಅದರ ಹೆಸರು "ಪಬ್ಲಿಕ್" ಅಂತಲೇ ಬಿಟ್ಟಿರುತ್ತಾರೆ.

ಎಸ್‌ಎಸ್‌ಎಚ್ ವಿಷಯಕ್ಕೆ ಬನ್ನಿ. ಸಾವಿರ ಸರ್ವರ್‌ಗೆ ಲಾಗಿನ್ ಆಗುವ ಕೀ ಅಷ್ಟೂ ಒಂದೇ ಮಾನಿಟರಿಂಗ್ ಪೆಟ್ಟಿಗೆಯಲ್ಲಿ. ಆ ಒಂದು ಪೆಟ್ಟಿಗೆ ಒಡೆದರೆ ಮುಗಿಯಿತು. 2020ರ ಡಿಸೆಂಬರ್‌ನಲ್ಲಿ ಹೊರಬಂದ ಸೋಲಾರ್‌ವಿಂಡ್ಸ್ ಪ್ರಕರಣ ನೆನಪಿದೆಯಾ? ಓರಿಯನ್ ಅನ್ನುವುದು ಮಾನಿಟರಿಂಗ್ ಸಾಫ್ಟ್‌ವೇರೇ. ಅದರ ಅಪ್‌ಡೇಟ್ ಒಳಗೇ ಹ್ಯಾಕರ್‌ಗಳು ಕಳ್ಳ ಕೋಡ್ ಸೇರಿಸಿದ್ದರು. ಸುಮಾರು 18,000 ಗ್ರಾಹಕರವರೆಗೆ ಆ ಅಪ್‌ಡೇಟ್ ತಲುಪಿತ್ತು. ಅಷ್ಟೂ ಕಡೆ ನುಗ್ಗಲಿಲ್ಲ, ಬೇಕಾದವರನ್ನು ಆರಿಸಿಕೊಂಡರು. ಓರಿಯನ್ ಕೈಗೆ ಸಿಕ್ಕಿದರೆ ಇಡೀ ನೆಟ್‌ವರ್ಕಿನ ನಕ್ಷೆ, ಪಾಸ್‌ವರ್ಡ್ ಎಲ್ಲ ಒಂದೇ ಕಡೆ ಸಿಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಮೈಸೂರ್_ಮಸಾಲೆ:
ಹಾಗಾದರೆ ನಿಮ್ಮ ಇಡಿಆರ್ ಸಾಚಾನಾ ಮೇಡಂ? 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಕಂಪನಿಯ ಇಡಿಆರ್ ಏಜೆಂಟ್ ಪ್ರಪಂಚದ ವಿಂಡೋಸ್ ಎಲ್ಲವನ್ನೂ ಮಲಗಿಸಿತು. ಹ್ಯಾಕರ್‌ಗಳಿಗೂ ಆಗದ ಕೆಲಸ.

ಸೆಕ್ಯುರಿಟಿ_ಸಾಕವ್ವ:
ಎಲ್ಲವನ್ನೂ ಅಲ್ಲ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳು, ಒಟ್ಟು ವಿಂಡೋಸ್‌ನ 1%ಕ್ಕಿಂತ ಕಡಿಮೆ. ಆದರೆ ಆ 1% ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಲ್ಲಿತ್ತು. ಅದಕ್ಕೇ ಅಷ್ಟು ಗದ್ದಲ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು.

ತಪ್ಪು ಎಲ್ಲಿತ್ತು ಅಂತ ಕ್ರೌಡ್‌ಸ್ಟ್ರೈಕ್ ವರದಿಯಲ್ಲೇ ಇದೆ. ಚಾನೆಲ್ ಫೈಲ್ 291 ಅಂತ ಒಂದು ಕಂಟೆಂಟ್ ಅಪ್‌ಡೇಟ್. ಅದು 21 ಇನ್‌ಪುಟ್ ಬಯಸಿತು, ಸೆನ್ಸರ್ (ಅವರ ಏಜೆಂಟ್) ಕೋಡ್ ಕೊಟ್ಟಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಮೆಮೊರಿಯ ಗಡಿ ದಾಟಿತು. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗಿದ್ದ ಡ್ರೈವರ್ ಆದ್ದರಿಂದ ಯಂತ್ರವೇ ಬಿತ್ತು. ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ಬಿಟ್ಟರು, 10:57ಕ್ಕೆ ವಾಪಸ್ ತೆಗೆದುಕೊಂಡರು. 78 ನಿಮಿಷ.

ಧಾರವಾಡದಾವ:
ವಾಪಸ್ ತೆಗೆದುಕೊಂಡರೆ ಏನು ಬಂತು ರೀ? ಬಿದ್ದ ಯಂತ್ರ ಬೂಟೇ ಆಗುವುದಿಲ್ಲ, ಹೊಸ ಫೈಲ್ ಇಳಿಸಿಕೊಳ್ಳುವುದು ಹೇಗೆ? ಒಂದೊಂದನ್ನೂ ಸೇಫ್ ಮೋಡ್‌ಗೆ ತಂದು ಫೈಲ್ ಅಳಿಸಬೇಕು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಇದ್ದರೆ 48 ಅಂಕಿಯ ಕೀ ಬೇಕು. ಕೀ ಇಟ್ಟ ಸರ್ವರ್ರೂ ಅದೇ ನೀಲಿ ಪರದೆ ತೋರಿಸುತ್ತಿದ್ದರೆ? ಇಡೀ ವಾರಾಂತ್ಯ ಹೋಯಿತು. ಮನೆಯಲ್ಲಿ ಗೃಹಪ್ರವೇಶ ಇತ್ತು, ನಾನು ಡೇಟಾ ಸೆಂಟರ್‌ನಲ್ಲಿ ಕೋಲ್ಡ್ ಐಲ್‌ನಲ್ಲಿ ನಡುಗುತ್ತಾ ಪುಳಿಯೋಗರೆ ತಿನ್ನುತ್ತಿದ್ದೆ.

ಡಿಬಿಎ_ಅಕ್ಕ:
ನಾವು ಎನ್ ಮೈನಸ್ ಒಂದು ಪಾಲಿಸಿ ಇಟ್ಟಿದ್ದೇವೆ, ಒಂದು ಆವೃತ್ತಿ ಹಿಂದೆಯೇ ಇರುತ್ತೇವೆ, ನಮಗೇನೂ ಆಗಲ್ಲ ಅಂತ ಅಂದುಕೊಂಡಿದ್ದವರೂ ಬಿದ್ದರಲ್ಲ? ಅದು ಹೇಗೆ?

ಸೆಕ್ಯುರಿಟಿ_ಸಾಕವ್ವ:
ಆ ಪಾಲಿಸಿ ಸೆನ್ಸರ್ ಆವೃತ್ತಿಗೆ ಮಾತ್ರ ಇತ್ತು. ಕಂಟೆಂಟ್ ಫೈಲ್ ಬೇರೆ ದಾರಿಯಲ್ಲಿ ಎಲ್ಲರಿಗೂ ಒಟ್ಟಿಗೆ ಹೋಗುತ್ತಿತ್ತು. ಆಮೇಲೆ ಅದನ್ನೂ ಹಂತ ಹಂತವಾಗಿ ಬಿಡುವ ಹಾಗೆ, ಗ್ರಾಹಕರು ತಡೆಯುವ ಹಾಗೆ ಮಾಡಿದರು. ಅಂದಿನಿಂದ ಯಾವ ಏಜೆಂಟ್ ಮಾರಲು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ: ನನ್ನನ್ನು ಕೇಳದೆ ಏನೇನು ಬದಲಾಗುತ್ತದೆ?

ರಾತ್ರಿಪಾಳಿ:
ದಾಸರೇ, ಪಿಎಸ್ ನೋಡಿದೆ. ಪೂರ್ತಿ ಅಂಟಿಸಿದರೆ ಇಲ್ಲಿ ಜಾಗ ಸಾಲುವುದಿಲ್ಲ. ಡಿ ಸ್ಟೇಟ್‌ನಲ್ಲಿ ಇರುವುದು ಒಂದೇ ಹೆಸರು: ಡಿಎಫ್, ಡಿಸ್ಕ್‌ನಲ್ಲಿ ಎಷ್ಟು ಜಾಗ ಇದೆ ಅಂತ ತೋರಿಸುವ ಕಮಾಂಡ್. ಡಿಎಫ್, ಡಿಎಫ್, ಡಿಎಫ್. ಡಬ್ಲ್ಯುಚ್ಯಾನ್‌ನಲ್ಲಿ ಎಲ್ಲದಕ್ಕೂ ಆರ್‌ಪಿಸಿಗೆ (ಇನ್ನೊಂದು ಯಂತ್ರದ ಉತ್ತರಕ್ಕೆ) ಕಾಯುವ ಫಂಕ್ಷನ್. ಹೊಸದನ್ನು ಹುಟ್ಟಿಸಿದ್ದು ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಓಡಿಸುವುದು). ಏಳು ಏಜೆಂಟ್‌ಗಳಲ್ಲಿ ಒಂದೂ ಈ ಪಟ್ಟಿಯಲ್ಲಿ ಇಲ್ಲ!

ಡಿಎಫ್_ದಾಸ:
ಸತ್ತ ಎನ್‌ಎಫ್‌ಎಸ್ ಮೌಂಟ್, ಅಂದರೆ ಬೇರೆ ಸರ್ವರ್‌ನಿಂದ ನೆಟ್‌ವರ್ಕ್ ಮೂಲಕ ಜೋಡಿಸಿದ ಫೋಲ್ಡರ್, ಆಚೆಯಿಂದ ಉತ್ತರ ಇಲ್ಲ. ಬರೆದು ಕೊಡುತ್ತೇನೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿ ಇರುವ ಫೈಲ್) ಯಾವ ಹಳೇ ಶೇರ್ ಉಳಿದಿದೆ ನೋಡಿ. ಹಾರ್ಡ್ ಮೌಂಟ್ ಆದರೆ ಆಚೆಯ ಸರ್ವರ್ ಎದ್ದು ಬರುವವರೆಗೆ ಕ್ಲೈಂಟ್ ಕಾಯುತ್ತಲೇ ಇರುತ್ತದೆ. ಡಿಎಫ್ ಎಲ್ಲ ಮೌಂಟ್‌ಗಳನ್ನೂ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ, ಸತ್ತದ್ದರ ಹತ್ತಿರ ಬಂದು ನಿಂತುಬಿಡುತ್ತದೆ. ಮುಂದಿನ ಸರದಿ ಬಂದಾಗ ಕ್ರಾನ್ ಇನ್ನೊಂದನ್ನು ಹುಟ್ಟಿಸುತ್ತದೆ, ಅದೂ ಅಲ್ಲೇ ನಿಲ್ಲುತ್ತದೆ. ನಿಂತವರೆಲ್ಲ ಲೋಡ್ ಲೆಕ್ಕಕ್ಕೆ. 70 ಡಿಎಫ್, 70 ಲೋಡ್.

ಹೊಸಬ_2025:
ಕಿಲ್ ಮೈನಸ್ ಒಂಬತ್ತು ಕೊಟ್ಟರೂ ಡಿ ಸ್ಟೇಟ್ ಪ್ರೋಸೆಸ್ ಸಾಯುವುದಿಲ್ಲ ಅಲ್ವಾ? ರೀಬೂಟ್ ಒಂದೇ ದಾರಿ ಅಂತ ನಮಗೆ ಟ್ರೈನಿಂಗ್‌ನಲ್ಲಿ ಹೇಳಿದ್ದರು.

ಹಳೇಯುನಿಕ್ಸ್:
ಹಳೇ ಪಾಠ ಮಗು. ಕರ್ನಲ್ 2.6.25ರಿಂದ ಈಚೆಗೆ ಎನ್‌ಎಫ್‌ಎಸ್ ಕಾಯುವಿಕೆಯನ್ನು ಕೊಲ್ಲಬಹುದಾದ ಸ್ಥಿತಿಗೆ ತಂದಿದ್ದಾರೆ. ಪಿಎಸ್‌ನಲ್ಲಿ ಡಿ ಅಂತಲೇ ಕಾಣುತ್ತದೆ, ಆದರೆ ಹೆಚ್ಚಿನ ಸಲ ಕಿಲ್ ಮೈನಸ್ ಒಂಬತ್ತಿಗೆ ಬಗ್ಗುತ್ತದೆ. ಡೇಟಾಬೇಸ್ ಸರ್ವರನ್ನು ಸುಮ್ನೆ ರೀಬೂಟ್ ಮಾಡಬೇಡಿ. ಮೊದಲು ಕ್ರಾನ್ ಸಾಲು ಮುಚ್ಚಿ, ಆಮೇಲೆ ಡಿಎಫ್‌ಗಳನ್ನು ಕೊಲ್ಲಿ, ಆಮೇಲೆ ಯುಮೌಂಟ್ ಮೈನಸ್ ಎಫ್ ಕೊಟ್ಟು ಬಲವಂತವಾಗಿ ಮೌಂಟ್ ಬಿಡಿಸಿ. ಅದಕ್ಕೂ ಬಗ್ಗದಿದ್ದರೆ ಮೈನಸ್ ಎಲ್.

ರಾತ್ರಿಪಾಳಿ:
ಸಿಕ್ಕಿತು. ಹಳೇ ಎನ್‌ಎಎಸ್ (ನೆಟ್‌ವರ್ಕ್ ಸ್ಟೋರೇಜ್) ಪೆಟ್ಟಿಗೆಯನ್ನು ಸ್ಟೋರೇಜ್ ಟೀಮ್ ಕಳೆದ ತಿಂಗಳು ಆಫ್ ಮಾಡಿದೆ. ಅದರ ಬ್ಯಾಕಪ್ ಶೇರ್ ಇಲ್ಲಿ ಇನ್ನೂ ಮೌಂಟ್ ಆಗಿತ್ತು. ಕ್ರಾನ್‌ನಲ್ಲಿ ಇದ್ದದ್ದು ಡಿಸ್ಕ್ ಜಾಗ ನೋಡಿ ಮೇಲ್ ಕಳಿಸುವ ಒಂದು ಸ್ಕ್ರಿಪ್ಟ್. ಬರೆದವರು ಕೆಲಸ ಬಿಟ್ಟು ಎಷ್ಟೋ ವರ್ಷ ಆಯಿತು. ಮೇಲ್ ಹೋಗುತ್ತಿದ್ದ ವಿಳಾಸವೂ ಈಗ ಇಲ್ಲ. ಹಳೇಯುನಿಕ್ಸ್ ಸರ್ ಹೇಳಿದ ಕ್ರಮದಲ್ಲೇ ಮಾಡಿದೆ. ಲೋಡ್ 70ರಿಂದ 1.2ಕ್ಕೆ ಇಳಿಯಿತು. ರೀಬೂಟ್ ಬೇಕಾಗಲಿಲ್ಲ.

ಧಾರವಾಡದಾವ:
ನೋಡಿದ್ರಾ, ಏಳು ಏಜೆಂಟ್ ಕಟಕಟೆಯಲ್ಲಿ ನಿಂತಿದ್ದವು, ಕಳ್ಳ ಎಂಟನೆಯವನು.

ಎಸ್‌ಆರ್‌ಇ_ಮಂಗ್ಳೂರು:
ಅಂದಹಾಗೆ ಇಷ್ಟು ಹೊತ್ತು ನೋಡ್ ಎಕ್ಸ್‌ಪೋರ್ಟರ್ ಯಾಕೆ ನಿಲ್ಲಲಿಲ್ಲ ಗೊತ್ತಾ? ಅದರ ಡೀಫಾಲ್ಟ್ ಪಟ್ಟಿಯಲ್ಲಿ ಹಲವು ಬಗೆಯ ಫೈಲ್‌ಸಿಸ್ಟಮ್‌ಗಳನ್ನು ಬಿಟ್ಟುಬಿಡುತ್ತದೆ, ಉಳಿದವುಗಳಲ್ಲಿ ಒಂದು ಮೌಂಟ್ ಉತ್ತರ ಕೊಡದಿದ್ದರೆ ಅದನ್ನು ಸಿಕ್ಕಿಕೊಂಡದ್ದು ಅಂತ ಗುರುತು ಹಾಕಿ ಮುಂದೆ ಹೋಗುತ್ತದೆ. ಕೈಯಲ್ಲಿ ಬರೆದ ಸ್ಕ್ರಿಪ್ಟ್‌ಗೆ ಈ ಬುದ್ಧಿ ಇರುವುದಿಲ್ಲ. ಡಿಎಫ್‌ಗೆ ಮೈನಸ್ ಎಲ್ ಕೊಟ್ಟಿದ್ದರೆ ಸ್ಥಳೀಯ ಡಿಸ್ಕ್ ಮಾತ್ರ ನೋಡುತ್ತಿತ್ತು. ಒಂದು ಎಫ್‌ಲಾಕ್ (ಹಿಂದಿನದು ಮುಗಿಯದೆ ಹೊಸದು ಶುರುವಾಗದ ಹಾಗೆ ಬೀಗ) ಹಾಕಿದ್ದರೆ ಒಂದೇ ನಿಂತಿರುತ್ತಿತ್ತು, 70 ಅಲ್ಲ.

ಆ ಲೋಡ್ ಆವರೇಜ್ ಅಲರ್ಟನ್ನೂ ಬದಲಾಯಿಸಿ. ನೋಡ್ ಎಕ್ಸ್‌ಪೋರ್ಟರ್‌ನ ಪ್ರೋಸೆಸಸ್ ಕಲೆಕ್ಟರ್ ಆನ್ ಮಾಡಿದರೆ (ಡೀಫಾಲ್ಟ್ ಆಗಿ ಆಫ್ ಇರುತ್ತದೆ) ಡಿ ಸ್ಟೇಟ್‌ನಲ್ಲಿ ಎಷ್ಟು ಜನ ಇದ್ದಾರೆ ಅಂತ ನೇರವಾಗಿ ಸಿಗುತ್ತದೆ.

ಡಿಬಿಎ_ಅಕ್ಕ:
ಒಂದು ನಿಮಿಷ. ಎಲ್ಲರೂ ಚಪ್ಪಾಳೆ ಹೊಡೆದು ಎದ್ದು ಹೋಗಬೇಡಿ. ನಿಂತಿರುವ ಡಿಎಫ್ ಸಿಪಿಯು ತಿನ್ನುವುದಿಲ್ಲ, ಡಿಸ್ಕ್ ಓದುವುದಿಲ್ಲ. ಹಾಗಾದರೆ ರಾತ್ರಿ ಎರಡರ ಬ್ಯಾಚ್ ಯಾಕೆ ತಡ? ಲೋಡ್ ನಂಬರ್ ಕೆಳಗೆ ಬಂದರೆ ನನ್ನಂಥವರ ಕ್ವೆರಿ ಬೇಗ ಓಡುತ್ತದಾ? ಇವೆರಡು ಬೇರೆ ಬೇರೆ ಕಾಯಿಲೆ ಅಂತ ನನಗನ್ನಿಸುತ್ತದೆ.

ಡಿಎಫ್_ದಾಸ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇವತ್ತು ರಾತ್ರಿ 1:50ರಿಂದ 2:30ರವರೆಗೆ ಪಿಡ್‌ಸ್ಟ್ಯಾಟ್ ಮೈನಸ್ ಡಿ ಓಡಿಸಿ ಫೈಲಿಗೆ ಬರೆಸಿ. ಯಾವ ಪ್ರೋಸೆಸ್ ಸೆಕೆಂಡಿಗೆ ಎಷ್ಟು ಓದಿತು, ಎಷ್ಟು ಬರೆಯಿತು ಹೆಸರು ಸಮೇತ ಸಿಗುತ್ತದೆ. ಜೊತೆಗೆ ಸಾರ್ ಕಮಾಂಡ್‌ನಲ್ಲಿ ಸ್ಟೀಲ್ ಕಾಲಂ ನೋಡಿ. ಅದು ಏರಿದರೆ ಪಕ್ಕದ ವಿಎಂಗಳು ನಿಮ್ಮ ಸಿಪಿಯು ಕಿತ್ತುಕೊಳ್ಳುತ್ತಿವೆ ಅಂತ ಅರ್ಥ.

ಹೊಸಬ_2025:
ನಡುವೆ ಒಂದು ದಡ್ಡ ಪ್ರಶ್ನೆ. ಈ ಏಜೆಂಟ್‌ಗಳೆಲ್ಲ ರೂಟ್ (ಸರ್ವರ್ ಮೇಲೆ ಪೂರ್ಣ ಅಧಿಕಾರ ಇರುವ ಬಳಕೆದಾರ) ಆಗಿಯೇ ಯಾಕೆ ಓಡಬೇಕು?

ಹಳೇಯುನಿಕ್ಸ್:
ದಡ್ಡ ಪ್ರಶ್ನೆ ಅಲ್ಲ, ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆ. ಝಬಿಕ್ಸ್ ಏಜೆಂಟ್ ರೂಟ್ ಆಗಿ ಓಡಲು ಒಪ್ಪುವುದೇ ಇಲ್ಲ, ನೀವು ಅಲೌರೂಟ್ ಅಂತ ಬರೆದು ಹೇಳಬೇಕು. ನೋಡ್ ಎಕ್ಸ್‌ಪೋರ್ಟರ್‌ಗೂ ಬೇಡ. ನಾಗಿಯೋಸ್ ಮಾನಿಟರಿಂಗ್‌ನ ಏಜೆಂಟ್ ಎನ್‌ಆರ್‌ಪಿಇಗೆ ಒಂದು ಸೆಟ್ಟಿಂಗ್ ಇದೆ, ಹೊರಗಿನಿಂದ ಕಮಾಂಡ್‌ಗೆ ಆರ್ಗ್ಯುಮೆಂಟ್ ಕಳಿಸಲು ಬಿಡುವುದು. ಅದರ ಹೆಸರು "ಡೋಂಟ್ ಬ್ಲೇಮ್ ಎನ್‌ಆರ್‌ಪಿಇ". ತಮಾಷೆ ಅಲ್ಲ, ನಿಜವಾಗಿ ಹಾಗೇ ಇಟ್ಟಿದ್ದಾರೆ. ಆನ್ ಮಾಡುವವರು ಮಾಡಿ, ಆಮೇಲೆ ನಮ್ಮನ್ನು ಬೈಯಬೇಡಿ ಅಂತ.

ಸೆಕ್ಯುರಿಟಿ_ಸಾಕವ್ವ:
ಇಡಿಆರ್‌ಗೆ ಮಾತ್ರ ರೂಟ್ ಬೇಕೇ ಬೇಕು, ಬೇರೆಯವರ ಪ್ರೋಸೆಸ್ ನೋಡಬೇಕಲ್ಲ. ಭಯ ಇರುವುದು ನಮಗೆ ಗೊತ್ತೇ ಇಲ್ಲದೆ ಬಂದು ಕೂತವುಗಳ ಬಗ್ಗೆ. 2021ರ ಸೆಪ್ಟೆಂಬರ್‌ನಲ್ಲಿ ಓಎಂಐ ಅಂತ ಒಂದು ಏಜೆಂಟ್ ಸುದ್ದಿಯಾಯಿತು. ಮೈಕ್ರೋಸಾಫ್ಟ್‌ನ ಅಝೂರ್ ಕ್ಲೌಡ್‌ನಲ್ಲಿ ಲಿನಕ್ಸ್ ವಿಎಂ ತೆಗೆದುಕೊಂಡು ಕೆಲವು ಲಾಗ್ ಸೇವೆ ಆನ್ ಮಾಡಿದರೆ ಅದು ತಾನೇ ಇನ್‌ಸ್ಟಾಲ್ ಆಗುತ್ತಿತ್ತು, ರೂಟ್ ಆಗಿ. ಅದರ ಪೋರ್ಟ್ ಹೊರಗೆ ತೆರೆದಿದ್ದರೆ, ದೃಢೀಕರಣದ ಹೆಡರನ್ನೇ ಕಳಿಸದೆ ಕೇಳಿದರೆ ಸಾಕು, ರೂಟ್ ಸಿಗುತ್ತಿತ್ತು. ತೀವ್ರತೆ 10ಕ್ಕೆ 9.8. ಬಹಳ ಜನಕ್ಕೆ ತಮ್ಮ ವಿಎಂನಲ್ಲಿ ಅದು ಇದೆ ಅಂತಲೇ ಗೊತ್ತಿರಲಿಲ್ಲ.

ಮೈಸೂರ್_ಮಸಾಲೆ:
ಅಂದರೆ ನಾನು ಮೊದಲೇ ಹೇಳಿದ ಹಾಗೆ ಏಜೆಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು.

ಸೆಕ್ಯುರಿಟಿ_ಸಾಕವ್ವ:
ನೀವು ಹೇಳಿದ್ದು ಏಜೆಂಟೇ ಬೇಡ ಅಂತ. ಲಾಗ್ ಏಜೆಂಟ್ ತೆಗೆದರೆ ಲಾಗ್ ಎಲ್ಲಿಂದ ತರುತ್ತೀರಿ? ಸರ್ಟ್-ಇನ್ (ದೇಶದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಟ್ಟಿರಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು.

ರಾತ್ರಿಪಾಳಿ:
ರಾತ್ರಿಯ ಫಲಿತಾಂಶ ಬಂತು. 1:58ರವರೆಗೆ ಡಿಸ್ಕ್ ಶಾಂತ. 2:00ಕ್ಕೆ ಬ್ಯಾಕಪ್ ಏಜೆಂಟ್ ಶುರು. ಅದೇ ನಿಮಿಷ ವಲ್ನರಬಿಲಿಟಿ ಸ್ಕ್ಯಾನರ್. ಇನ್ವೆಂಟರಿಯೂ ಅದೇ ನಿಮಿಷ, ಅದು ಡಿಸ್ಕ್ ಪೂರ್ತಿ ಹುಡುಕುತ್ತದೆ. ನಮ್ಮ ಬ್ಯಾಚ್ ಕೂಡ 2:00ಕ್ಕೇ. ಸ್ಟೀಲ್ ಆ ಹೊತ್ತಿಗೆ 20% ಮುಟ್ಟುತ್ತದೆ. ಅದೇ ಹೋಸ್ಟ್‌ನ ಬೇರೆ ವಿಎಂಗಳಲ್ಲೂ ಇದೇ ಟೈಮಿಂಗ್. ಎಲ್ಲ ಟೀಮೂ "ರಾತ್ರಿ ಎರಡಕ್ಕೆ ಯಾರೂ ಇರಲ್ಲ" ಅಂದುಕೊಂಡಿದ್ದಾರೆ.

ಡಿಬಿಎ_ಅಕ್ಕ:
ಎಲ್ಲರೂ ಅಲ್ಲೇ ಇದ್ದಾರೆ!

ಎಸ್‌ಆರ್‌ಇ_ಮಂಗ್ಳೂರು:
ಸಿಸ್ಟಮ್‌ಡಿ ಟೈಮರ್‌ಗೆ ಬದಲಾಯಿಸಿ ರ‍್ಯಾಂಡಮೈಸ್ಡ್‌ಡಿಲೇಸೆಕ್ ಹಾಕಿ. ಒಂದೊಂದು ವಿಎಂ ಒಂದೊಂದು ಹೊತ್ತಿಗೆ ಶುರುವಾಗುತ್ತದೆ. ಏಜೆಂಟೇ ತನ್ನ ಶೆಡ್ಯೂಲ್ ಇಟ್ಟುಕೊಂಡಿದ್ದರೆ ಅದರ ಕನ್ಸೋಲ್‌ನಲ್ಲಿ ಗುಂಪು ಮಾಡಿ ಚದುರಿಸಿ. ಜೊತೆಗೆ ಪ್ರತಿ ಏಜೆಂಟ್‌ಗೂ ಮಿತಿ: ಮೆಮೊರಿಮ್ಯಾಕ್ಸ್, ಸಿಪಿಯುಕೋಟಾ, ಐಓವೆಯ್ಟ್ ಕಡಿಮೆ. ಕೋಟಾ 100% ಅಂದರೆ ಒಂದು ಕೋರ್, ಇಡೀ ಯಂತ್ರ ಅಲ್ಲ. ನಿಮ್ಮ 8 ಕೋರ್ ಪೆಟ್ಟಿಗೆಯಲ್ಲಿ ಪೂರ್ತಿ 800%.

ನಮ್ಮಲ್ಲಿ ಹೊಸ ಏಜೆಂಟ್ ತರುವ ಟೀಮ್ ಈ ಅಂಕಿಗಳನ್ನು ತಾವೇ ಬರೆದುಕೊಡಬೇಕು, ಯಾರ ಫೋನ್‌ಗೆ ಕರೆ ಹೋಗಬೇಕು ಅನ್ನುವುದೂ ಸೇರಿ. ಬರೆಯಲು ಹೇಳಿದ ಮೇಲೆ ಅರ್ಧ ಜನ ಬರುವುದೇ ಬಿಟ್ಟರು.

ರಾತ್ರಿಪಾಳಿ:
ಇಡಿಆರ್‌ಗೂ ಕೋಟಾ 20% ಹಾಕಲಾ?

ಡಿಎಫ್_ದಾಸ:
ಬೇಡ, ನಿಲ್ಲಿ! ಫೈಲ್ ತೆರೆಯುವ ಮೊದಲೇ ತಪಾಸಣೆ ಮಾಡುವ ಬಗೆಯದಾದರೆ ಅದು ಫ್ಯಾನೋಟಿಫೈ ಬಳಸುತ್ತಿರಬಹುದು. ಹಾಗಿದ್ದರೆ ನಿಮ್ಮ ಡೇಟಾಬೇಸ್ ಒಂದು ಫೈಲ್ ತೆರೆಯಲು ಹೋದಾಗ ಕರ್ನಲ್ ಅದನ್ನು ತಡೆದು ನಿಲ್ಲಿಸಿ, ಏಜೆಂಟ್ "ಸರಿ" ಅಂದ ಮೇಲೆ ಬಿಡುತ್ತದೆ. ಏಜೆಂಟ್‌ನ ಕತ್ತು ಹಿಸುಕಿದರೆ ಆ "ಸರಿ" ತಡವಾಗುತ್ತದೆ, ಸರ್ವರ್ ಮೇಲಿನ ಪ್ರತಿಯೊಬ್ಬರೂ ಸಾಲಿನಲ್ಲಿ ನಿಲ್ಲುತ್ತಾರೆ. ಮೊದಲು ಅದು ಯಾವ ಬಗೆ ಅಂತ ವೆಂಡರ್ ಹತ್ತಿರ ಕೇಳಿ. ಡೇಟಾ ಫೈಲ್‌ಗಳ ಡೈರೆಕ್ಟರಿಗೆ ಎಕ್ಸ್‌ಕ್ಲೂಷನ್ (ತಪಾಸಣೆಯಿಂದ ವಿನಾಯಿತಿ) ಕೇಳಿ. ಮಿತಿ ಆಮೇಲೆ, ಅದೂ ಟೆಸ್ಟ್ ಸರ್ವರ್‌ನಲ್ಲಿ.

ಸೆಕ್ಯುರಿಟಿ_ಸಾಕವ್ವ:
ಎಕ್ಸ್‌ಕ್ಲೂಷನ್ ಕೊಡುತ್ತೇವೆ. ಆದರೆ ಡೇಟಾ ಡೈರೆಕ್ಟರಿ ಮಾತ್ರ. ಕಳೆದ ಸಲ ಒಬ್ಬರು ರೂಟ್ ಸ್ಲ್ಯಾಶನ್ನೇ, ಅಂದರೆ ಇಡೀ ಡಿಸ್ಕನ್ನೇ, ಬರೆದು ಕಳಿಸಿದ್ದರು.

ಹೊಸಬ_2025:
ಮೆಮೊರಿಮ್ಯಾಕ್ಸ್ ದಾಟಿದರೆ ಏನಾಗುತ್ತದೆ? ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವುದು) ಡೇಟಾಬೇಸನ್ನೇ ಕೊಂದುಬಿಟ್ಟರೆ?

ಎಸ್‌ಆರ್‌ಇ_ಮಂಗ್ಳೂರು:
ಆ ಏಜೆಂಟ್‌ನ ಸಿಗ್ರೂಪ್ (ಮಿತಿ ಹಾಕಿದ ಪ್ರೋಸೆಸ್‌ಗಳ ಗುಂಪು) ಒಳಗಿನವರನ್ನು ಮಾತ್ರ ಕೊಲ್ಲುತ್ತದೆ, ಅದೇ ಅದರ ಚೆಂದ. ಮಿತಿ ಇಲ್ಲದೆ ಬಿಟ್ಟರೇ ಡೇಟಾಬೇಸ್‌ಗೆ ಅಪಾಯ. ರ‍್ಯಾಮ್ ಪೂರ್ತಿ ಮುಗಿದಾಗ ಕರ್ನಲ್ ಸಾಮಾನ್ಯವಾಗಿ ದೊಡ್ಡ ತಲೆಯನ್ನೇ ಹುಡುಕುತ್ತದೆ. ಮೆಮೊರಿಹೈ ಸ್ವಲ್ಪ ಕೆಳಗೆ ಇಟ್ಟರೆ ಕೊಲ್ಲುವ ಮೊದಲು ನಿಧಾನ ಮಾಡುತ್ತದೆ. ರೀಸ್ಟಾರ್ಟ್ ಆಗುವ ಹಾಗೆಯೂ ಇಡಿ.

ರಾತ್ರಿಪಾಳಿ:
ಬ್ಯಾಕಪ್ 12:30ಕ್ಕೆ ಹೋಯಿತು. ಸ್ಕ್ಯಾನರ್ ಭಾನುವಾರ ಮಧ್ಯಾಹ್ನಕ್ಕೆ. ಇನ್ವೆಂಟರಿಗೆ ಮಿತಿ ಹಾಕಿ, ಒಂದು ಗಂಟೆ ಹಿಂದೆ ಮುಂದೆ ಚದುರಿಸಿದ್ದೇನೆ. ನಿನ್ನೆ ಬ್ಯಾಚ್ ಸಮಯಕ್ಕೆ ಸರಿಯಾಗಿ ಮುಗಿಯಿತು. ಡಿಬಿಎ ಬಂದು "ಮಾನಿಟರಿಂಗ್ ತೆಗೆದ್ರಾ?" ಅಂತ ಕೇಳಿದರು. ಇಲ್ಲ, ಏಳೂ ಓಡುತ್ತಿವೆ ಅಂದೆ. ಝಬಿಕ್ಸೋ ಪ್ರೊಮಿಥಿಯಸೋ ಅನ್ನುವುದೊಂದು ಬಾಕಿ ಇದೆ.

ಎಸ್‌ಆರ್‌ಇ_ಮಂಗ್ಳೂರು:
ಪ್ರೊಮಿಥಿಯಸ್.

ಹಳೇಯುನಿಕ್ಸ್:
ಝಬಿಕ್ಸ್. ಕಾರಣ ಬೇಕಾದರೆ ಬೇರೆ ಥ್ರೆಡ್ ತೆಗೆಯಿರಿ, ಉದ್ದ ಇದೆ.

ಧಾರವಾಡದಾವ:
ತೆಗೆಯಬೇಡಿ ರೀ, ನನ್ನ ಶಿಫ್ಟ್ ಇನ್ನೂ ಮುಗಿದಿಲ್ಲ.